ಅತ್ತೆಯ ನೂರೆಂಟು ಸುತ್ತು ಮತ್ತು ನಮ್ಮ ಮೈ ಅಳೆಯುವ ಯಂತ್ರ

ಉಡುಪಿಯಲ್ಲಿ ಕಡಗೋಲು ಹಿಡಿದು ನಿಂತವನೇ, ಗುಜರಾತಿನ ಡಾಕೋರಿನಲ್ಲಿ ರಣಛೋಡನೆಂದು ಹೆಸರಾದವನೇ, ರಣ ಬಿಟ್ಟು ಬಂದವನೆಂದು ಜನ ಆಡಿಕೊಂಡರೂ ನಂಬಿದವರ ಕೈ ಮಾತ್ರ ಬಿಡದ ಕೃಷ್ಣಾ, ಮೊದಲ ನಮಸ್ಕಾರ ನಿನಗೆ. ಬರೆದದ್ದರಲ್ಲಿ ತಪ್ಪಿದ್ದರೆ ಅದು ನನ್ನದು. ಓದಿದವರಿಗೆ ನಗು ಬಂದರೆ ಅದು ನಿನ್ನದು.

ನಮ್ಮ ಕೆಲಸದಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ಆಗದೇ ಇರುವುದಿಲ್ಲ. ಅಹಮದಾಬಾದಿನ ಒಂದು ಆಸ್ಪತ್ರೆಯಲ್ಲಿ, ವಯಸ್ಸಾದವರ ವಿಭಾಗದಲ್ಲಿ, ಮೈ ಅಳೆಯುವ ಯಂತ್ರ ನಡೆಸುವವಳು ನಾನು. ನೋಡಲು ತೂಕದ ಯಂತ್ರದ ಹಾಗೇ ಇದೆ. ಅಜ್ಜ ಅಜ್ಜಿಯರು ಬರಿಗಾಲಲ್ಲಿ ಅದರ ಸ್ಟೀಲಿನ ತಟ್ಟೆಗಳ ಮೇಲೆ ನಿಂತು ಎರಡು ಹಿಡಿಗಳನ್ನು ಹಿಡಿದುಕೊಳ್ಳಬೇಕು. ಅವರಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಮೈಯೊಳಗೆ ಹಾದುಹೋಗಿ, ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಎಂದು ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಜೊತೆಗೆ ಕೈಯ ಹಿಡಿತ ಅಳೆಯುತ್ತೇವೆ, ಕುರ್ಚಿಯಿಂದ ಎದ್ದು ಕೂರುವುದನ್ನು ನೋಡುತ್ತೇವೆ. ಇಷ್ಟನ್ನೂ ಇಟ್ಟುಕೊಂಡು, ಯಾರು ಆಪರೇಷನ್ ಆದ ಮೇಲೆ ಬೇಗ ಎದ್ದು ಓಡಾಡುತ್ತಾರೆ, ಯಾರು ಮುಗ್ಗರಿಸಿ ಬೀಳುವ ಅಪಾಯವಿದೆ, ಯಾರಿಗೆ ಮೊದಲು ಎರಡು ತಿಂಗಳು ಚೆನ್ನಾಗಿ ಉಣ್ಣಿಸಬೇಕು ಎಂದು ನಮ್ಮ ಡಾಕ್ಟರಮ್ಮ ಅಂದಾಜು ಮಾಡುತ್ತಾರೆ. ಹುಟ್ಟಿದ ಇಸವಿಯನ್ನು ಕೇಳಬೇಡಿ, ತೊಡೆಯನ್ನು ಕೇಳಿ, ಎನ್ನುವುದು ಅವರ ಮಾತು.

ಈ ಮಾತಿನ ಮೇಲೆ ನನಗೆ ನಂಬಿಕೆ ಬಂದದ್ದು ನಮ್ಮ ಮನೆಯ ಕಷ್ಟದಲ್ಲಿ. ನನ್ನ ಅತ್ತೆಗೆ ಎಪ್ಪತ್ತೊಂಬತ್ತು. ಧಾರವಾಡದವರು. ನನ್ನ ಯಜಮಾನರಿಗೆ ಇಲ್ಲಿನ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಹಾಗಾಗಿ ಸ್ಯಾಟಲೈಟ್ ಎನ್ನುವ ಬಡಾವಣೆಯ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಕಡ್ಡಿಯಂಥ ಮೈ. ಆ ವರ್ಷ ಪಿತ್ತಕೋಶದಲ್ಲಿ ಕಲ್ಲಾಗಿ ಹದಿನೈದು ದಿನಕ್ಕೊಮ್ಮೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದರು. ಸರ್ಜನ್ ಅವರ ವಯಸ್ಸು ಕೇಳಿ, ತೂಕ ನೋಡಿ, ಈ ಮೈಗೆ ಕತ್ತಿ ಹಾಕಲು ಭಯ, ಮಾತ್ರೆಯಲ್ಲೇ ನೋಡೋಣ ಎಂದುಬಿಟ್ಟರು. ನಮ್ಮ ಡಾಕ್ಟರಮ್ಮ, ಮೊದಲು ಯಂತ್ರದ ಮೇಲೆ ನಿಲ್ಲಿಸಿ, ಆಮೇಲೆ ಮಾತಾಡೋಣ ಎಂದರು. ಅತ್ತೆ ಒಪ್ಪಬೇಕಲ್ಲ. "ಮಂದಿ ಎಲ್ಲಾ ಕಾಲ ಇಟ್ಟಲ್ಲೆ ನಾ ಕಾಲ ಇಡಂಗಿಲ್ಲ. ನನ್ನ ಮಡಿ ಏನಾಗಬೇಕು?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅವರ ಮನಸ್ಸು ಕರಗಿಸಲು ದಿನಾ ಸಂಜೆ ಆಸ್ಪತ್ರೆಯ ಒಂದೊಂದು ಸಂಗತಿ ಹೇಳತೊಡಗಿದೆ. ಇವುಗಳಲ್ಲಿ ಮೊದಲ ನಾಲ್ಕು ಅವೇ.

೧. ಯಂತ್ರಕ್ಕೆ ಗಂಧ

ಮೊದಲು ನನ್ನದೇ ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಯುಧಪೂಜೆ ಬಂತು. ಅನ್ನ ಕೊಡುವ ಯಂತ್ರ, ಬರಿದೇ ಬಿಡುವುದು ಹೇಗೆ? ಸಂಜೆ ಎಲ್ಲರೂ ಹೋದ ಮೇಲೆ ಒರೆಸಿ, ಕಾಲಿಡುವ ನಾಲ್ಕೂ ತಟ್ಟೆಗಳಿಗೆ, ಕೈಯಿಡುವ ಎರಡೂ ಹಿಡಿಗಳಿಗೆ ದಪ್ಪಗೆ ಗಂಧ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಮಂಗಳಾರತಿ ಮಾಡಿ ಮನೆಗೆ ಬಂದೆ. ಆ ರಾತ್ರಿ ಸುಖವಾಗಿ ನಿದ್ದೆ ಬಂತು.

ರಜೆ ಕಳೆದು ಬೆಳಿಗ್ಗೆ ಮೊದಲನೆಯವರು ನಿಂತರು. ಯಂತ್ರ ಕೂಗಿಕೊಂಡಿತು, ಲೆಕ್ಕ ಬರಲಿಲ್ಲ. ಎರಡನೆಯವರು, ಮೂರನೆಯವರು, ಹಾಗೇ. ಹಾರ ತೆಗೆದೆ, ಪ್ಲಗ್ ಕಿತ್ತು ಹಾಕಿದೆ, ಹನುಮಂತನನ್ನು ನೆನೆದೆ. ಅಷ್ಟರಲ್ಲಿ ಹೊರಗೆ ಒಂಬತ್ತು ಜನ ಅಜ್ಜಂದಿರ ಸಾಲು. ಡಾಕ್ಟರಮ್ಮ ಬಂದು ಪರದೆ ನೋಡಿ, ಇವತ್ತು ಬಂದವರಿಗೆ ಯಾರಿಗೂ ಮೈಯೇ ಇಲ್ಲವೇ ಎಂದು ಕೇಳಿದರು. ಬಗ್ಗಿ ತಟ್ಟೆಯನ್ನು ಉಗುರಿನಿಂದ ಕೆರೆದರು. ಒಣಗಿದ ಗಂಧ ಚಕ್ಕೆಯಾಗಿ ಬಂತು. ಅದನ್ನು ದಾಟಿ ಕರೆಂಟು ಹೋಗುವುದಾದರೂ ಹೇಗೆ?

ಬೈಯುತ್ತಾರೆ ಅಂದುಕೊಂಡೆ. ಅವರು ಆ ಚಕ್ಕೆಯನ್ನು ಕಣ್ಣಿಗೊತ್ತಿಕೊಂಡರು. ಮುಂದಿನ ವರ್ಷದಿಂದ ಪೂಜೆ ಖಂಡಿತ ಮಾಡಿ ಬೆನ್, ಆದರೆ ಗಂಧವನ್ನು ಯಂತ್ರದ ಹಣೆಗೆ ಹಚ್ಚಿ, ಪಾದಕ್ಕೆ ಬೇಡ ಎಂದರು. ಬೆನ್ ಎಂದರೆ ಇಲ್ಲಿ ಅಕ್ಕ, ಯಾವ ಹೆಂಗಸನ್ನಾದರೂ ಹಾಗೆ ಕರೆಯುವುದು.

೨. ಪಾಸಾದ ಪೇಡೆ

ನಮ್ಮ ಸೊಸೈಟಿಯಲ್ಲೇ ಒಬ್ಬ ರಾಯರಿದ್ದಾರೆ. ಬ್ಯಾಂಕಿನಿಂದ ಈ ಕಡೆಗೆ ವರ್ಗವಾಗಿ ಬಂದು, ಇಲ್ಲೇ ನಿವೃತ್ತರಾಗಿ, ಇಲ್ಲೇ ನೆಲೆ ನಿಂತವರು. ಸೀರಿಯಸ್ ಮನುಷ್ಯರು. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ವರದಿ ಕೈಗೆ ಬಂದ ಕೂಡಲೇ ರಾಯರು ಕನ್ನಡಕ ಹಾಕಿಕೊಂಡು, ಡಾಕ್ಟರಮ್ಮನ ಹತ್ತಿರ ತೋರಿಸುವ ಪುರಸೊತ್ತೂ ಇಲ್ಲದೆ ಮನೆಗೆ ಹೋದರು.

ಸಂಜೆ ನಾನು ಲಿಫ್ಟಿನಿಂದ ಇಳಿಯುವಾಗ ಅವರು ಪೇಡೆಯ ಡಬ್ಬಿ ಹಿಡಿದು ಮನೆಮನೆಗೂ ಹಂಚುತ್ತಿದ್ದರು. ಏನು ವಿಶೇಷ ಎಂದೆ.

"ನಿಮ್ಮ ಆಶೀರ್ವಾದಮ್ಮ. ಕೊಬ್ಬಿನಲ್ಲಿ ಮೂವತ್ತೆಂಟು ಬಂದಿದೆ. ಮೂವತ್ತೈದಕ್ಕೆ ಪಾಸು ತಾನೆ? ಪಾಪ, ನಮ್ಮ ಮನೆಯವಳಿಗೆ ಇಪ್ಪತ್ತನಾಲ್ಕೇ. ಬೇಜಾರು ಮಾಡಿಕೊಂಡಿದ್ದಾಳೆ, ನೀವೇ ಸ್ವಲ್ಪ ಸಮಾಧಾನ ಹೇಳಿ."

ಮಾರನೆಯ ದಿನ ಡಾಕ್ಟರಮ್ಮನಿಗೂ ಎರಡು ಪೇಡೆ ತಂದುಕೊಟ್ಟರು. ಅವರು ಒಂದು ಬಾಯಿಗೆ ಹಾಕಿಕೊಂಡು, ವರದಿ ನೋಡಿ, ಇಷ್ಟು ಮಾರ್ಕ್ಸ್ ಬಂದಿರುವುದು ಈ ಪೇಡೆಯಿಂದಲೇ, ಮುಂದಿನ ಸಲ ದಯವಿಟ್ಟು ಫೇಲಾಗಿ ಬನ್ನಿ ಎಂದರು. ರಾಯರು ಈಗ ದಿನಾ ಬೆಳಿಗ್ಗೆ ಆರು ಗಂಟೆಗೆ ಪಾರ್ಕಿನಲ್ಲಿ ನಡೆಯುತ್ತಾರೆ. ಕಳೆದ ಸಲ ಮೂವತ್ತಮೂರು ಬಂತು. ಫೇಲಾದದ್ದಕ್ಕೂ ಪೇಡೆ ಹಂಚಿದರು.

ಅತ್ತೆ ಈ ಸಂಗತಿ ಕೇಳಿ ನಕ್ಕರು, ನಕ್ಕ ಕೂಡಲೇ ಹೊಟ್ಟೆ ಹಿಡಿದುಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು.

೩. ಐವತ್ತು ವರ್ಷ ವಜ್ರ ಹಿಡಿದ ಕೈ

ಸೂರತ್‌ಗೆ ಶಿಬಿರಕ್ಕೆ ಹೋಗಿದ್ದೆವು. ಸಾಗಿಸುವ ಸಣ್ಣ ಯಂತ್ರ, ಹಿಡಿತ ಅಳೆಯುವ ಉಪಕರಣ, ನಾನು, ಡಾಕ್ಟರಮ್ಮ. ಬಂದವರಲ್ಲಿ ಹೆಚ್ಚಿನವರು ವಜ್ರಕ್ಕೆ ಸಾಣೆ ಹಿಡಿದು ನಿವೃತ್ತರಾದ ಕಾಕಾಗಳು. ಮೊದಲ ಕಾಕಾ ಒಳ್ಳೆಯ ಗಟ್ಟಿ ಆಳು. ಯಂತ್ರವೂ ಮಾಂಸಖಂಡ ಚೆನ್ನಾಗಿದೆ ಎಂದಿತು. ಆದರೆ ಹಿಡಿತದ ಉಪಕರಣ ಕೈಗೆ ಕೊಟ್ಟು ಒತ್ತಿ ಎಂದರೆ ಮುಳ್ಳು ಎದ್ದೇಳಲಿಲ್ಲ. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಎರಡನೆಯ ಕಾಕಾ ಅವರದೂ ಹಾಗೇ. ಮೂರನೆಯವರದೂ. ಡಾಕ್ಟರಮ್ಮ ಪಾಪ, ಈ ಊರಿಗೆ ಏನೋ ಆಗಿದೆ, ಎಲ್ಲರ ಕೈಯೂ ಸೋತಿದೆ ಎಂದು ಹಾಳೆಯ ಮೇಲೆ ಹಾಳೆ ಬರೆಯುತ್ತಿದ್ದರು.

ಮಧ್ಯಾಹ್ನ, ಸಣ್ಣದಾದರೂ ಭಾರದ ಯಂತ್ರದ ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ಸಾಗಿಸಬೇಕಾಯಿತು. ನಾನೂ ಡ್ರೈವರೂ ಸೇರಿ ಎತ್ತಲು ಹೆಣಗುತ್ತಿದ್ದಾಗ ಮೊದಲ ಕಾಕಾ ಬಂದು, ಸರಿಯಿರಿ ಎಂದು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿ ಇಟ್ಟರು. ಡಾಕ್ಟರಮ್ಮ ಅವರನ್ನೇ ನೋಡಿ, ಇಷ್ಟು ಶಕ್ತಿ ಇಟ್ಟುಕೊಂಡು ಬೆಳಿಗ್ಗೆ ಯಾಕೆ ಒತ್ತಲಿಲ್ಲ ಎಂದು ಕೇಳಿದರು.

"ಬೆನ್, ಐವತ್ತು ವರ್ಷ ಬೇರೆಯವರ ಮಾಲು ಹಿಡಿದ ಕೈ ಇದು. ಬೆಲೆಬಾಳುವ ವಸ್ತು ಕೈಗೆ ಕೊಟ್ಟು ಒತ್ತು ಅಂದರೆ, ಒತ್ತಿಬಿಡುವುದಾ?"

ಅಲ್ಲಿಂದ ಮುಂದೆ ಡಾಕ್ಟರಮ್ಮ ಪ್ರತಿಯೊಬ್ಬರಿಗೂ, ಇದು ನಮ್ಮ ಮಾಲು ಎಂದು ತಿಳಿಯಬೇಡಿ, ನಿಮ್ಮ ಶತ್ರುವಿನ ಕೈ ಎಂದುಕೊಂಡು ಹಿಂಡಿ ಎನ್ನತೊಡಗಿದರು. ಕೊನೆಯಲ್ಲಿ ಬಂದ ಕಾಕಾ ಸಾಧು ಸ್ವಭಾವದವರು, ತುಳಸಿಮಣಿ ಹಾಕಿದ್ದರು. ಬಹಳ ಹೊತ್ತು ಯೋಚಿಸಿದರು. "ನನಗೆ ಶತ್ರುಗಳು ಯಾರೂ ಇಲ್ಲ ಬೆನ್. ಅಳಿಯ ಇದ್ದಾನೆ, ಆಗುತ್ತದೆಯೇ?"

ಆ ದಿನ ಎಲ್ಲರಿಗಿಂತ ಹೆಚ್ಚು ಹಿಡಿತ ಬಂದದ್ದು ಅವರದೇ.

೪. ಕುರ್ಚಿಯದೇ ತಪ್ಪು

ವಡೋದರದ ಶಿಬಿರದಲ್ಲಿ ಒಬ್ಬ ಬಾ ಬಂದರು. ಅಲ್ಲಿ ಅಜ್ಜಿಯರನ್ನು ಬಾ ಎಂದೇ ಕರೆಯುವುದು. ಎಂಬತ್ತು ದಾಟಿದವರು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಕಿರಿಯ ಡಾಕ್ಟರೊಬ್ಬರು ಗಡಿಯಾರ ಹಿಡಿದು ನಿಂತಿದ್ದರು. ಬಾ ಕುರ್ಚಿಯಲ್ಲಿ ಕೂತರು, ಕೂತ ಕೂಡಲೇ ಎರಡೂ ಕಾಲು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿದರು. ಏಳಿ ಎಂದರೆ ಕಾಲು ಬಿಡಿಸಿ, ಸೀರೆ ಸರಿಮಾಡಿ, ಚಪ್ಪಲಿ ಹುಡುಕಿ ಏಳುವಷ್ಟರಲ್ಲಿ ಗಡಿಯಾರ ಎಲ್ಲೋ ಹೋಗಿತ್ತು. ಕೂತರೆ ಮತ್ತೆ ಚಕ್ಕಳಮಕ್ಕಳ. ಕಾಲು ಇಳಿಬಿಟ್ಟು ಕೂರಿ ಬಾ ಎಂದು ಬೇಡಿಕೊಂಡರೆ, ದೊಡ್ಡವರ ಮುಂದೆ ಕಾಲು ನೇತಾಡಿಸಿ ಕೂರುವ ಅಭ್ಯಾಸ ತಮಗಿಲ್ಲ ಎಂದರು. ಅಲ್ಲಿದ್ದವರಲ್ಲಿ ಅವರಿಗಿಂತ ದೊಡ್ಡವರು ಯಾರೂ ಇರಲಿಲ್ಲ.

ಕಿರಿಯ ಡಾಕ್ಟರು, ಏಳಲು ಆಗುವುದಿಲ್ಲ, ಬೀಳುವ ಅಪಾಯ ಹೆಚ್ಚು ಎಂದು ಬರೆದರು. ಬಾ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿದರು. ಕುರ್ಚಿ ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಕೂತು, ಕೈ ಎದೆಯ ಮೇಲೆ ಕಟ್ಟಿಕೊಂಡು, ನೆಲ ಮುಟ್ಟದೆ ಎದ್ದರು. ಐದು ಸಲ. ಆರನೆಯದು ನಮ್ಮ ಲೆಕ್ಕ ತಪ್ಪಿದ್ದರೆ ಇರಲಿ ಎಂದು.

ಡಾಕ್ಟರಮ್ಮ ಆ ಹಾಳೆ ತೆಗೆದುಕೊಂಡು ಮೊದಲಿನದನ್ನು ಹೊಡೆದುಹಾಕಿ ಕೆಳಗೆ ಬರೆದರು: ರೋಗಿ ಆರೋಗ್ಯವಾಗಿದ್ದಾರೆ. ಕುರ್ಚಿ ಬದಲಾಯಿಸಬೇಕು.

ಈ ಸಂಗತಿ ಕೇಳಿದ ರಾತ್ರಿ ಅತ್ತೆ ಗೋಡೆ ಬಿಟ್ಟು ನನ್ನ ಕಡೆ ಹೊರಳಿದರು. ಆಮೇಲೆ, "ಆ ಬಾ ಸೈತ ನಿಮ್ಮ ಮಷೀನಿನ ಮ್ಯಾಲೆ ನಿಂತಿದ್ರೇನು?" ಎಂದರು. ನಿಂತಿದ್ದರು ಎಂದೆ. "ಹಂಗಾದ್ರ ಸ್ನಾನಕ್ಕ ಮೊದಲ ಕರಕೊಂಡ ಹೋಗು. ಬಂದು ತಲಿಮ್ಯಾಲೆ ನೀರ ಹಾಕ್ಕೋತೀನಿ."

೫. ಎಲ್ಲರನ್ನೂ ಕೇಳಿ ಒಬ್ಬರನ್ನು ಬಿಟ್ಟೆ

ಕಾಗದ ತಾವೂ ನೋಡುವುದಾಗಿ ಹೇಳಿ ಸರ್ಜನ್ ಅಳತೆಗೆ ದಿನ ಕೊಟ್ಟರು. ಅತ್ತೆ ಒಪ್ಪಿದ ಸಂತೋಷದಲ್ಲಿ ನಾನು ಪಂಚಾಂಗದ ಕಡೆ ತಲೆ ಹಾಕಲಿಲ್ಲ. ಹೊಟ್ಟೆ ಖಾಲಿ ಇರಲಿ ಎಂದಷ್ಟೇ ಹೇಳಿದ್ದೆ. ಅತ್ತೆ ಹಳೆಯ ಸೀರೆ ಉಟ್ಟು ಬಂದರು, ರಾಮ ರಾಮ ಎನ್ನುತ್ತ ತಟ್ಟೆಯ ಮೇಲೆ ನಿಂತರು. ಕಾಗದ ಬಂತು. ನೋಡಿದೆ. ಮಾಂಸಖಂಡ ತೀರ ಕಡಿಮೆ. ಸರ್ಜನ್ ತಲೆಯಾಡಿಸಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದರು. ಶರೀರದಲ್ಲಿ ದೊಡ್ಡವರು, ಮನಸ್ಸಿನಲ್ಲಿ ಮೃದು. ಮಾತ್ರೆಯ ಚೀಟಿ ಬರೆಯುವಾಗ ಅವರ ಮುಖವೂ ಸಪ್ಪಗಿತ್ತು.

ಮನೆಗೆ ಬಂದು ದೇವರ ಮುಂದೆ ಕೂತೆ. ಏನು ತಪ್ಪು ಮಾಡಿದೆವು ಎಂದು ಕೇಳಿದೆ. ಅವನು ಬೆಳಗಾಗುವವರೆಗೆ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಪಾರಣೆಗೆ ಕೂತ ಅತ್ತೆ ತೀರ್ಥ ತೆಗೆದುಕೊಂಡು, ಒಂದು ತಂಬಿಗೆ ನೀರನ್ನು ಗಟಗಟನೆ ಕುಡಿದರು, ಇನ್ನೊಂದು ತಂಬಿಗೆ ತಾ ಎಂದರು. ಆಗ ಹೊಳೆಯಿತು. ಹಿಂದಿನ ದಿನ ಏಕಾದಶಿ! ನೆನಪಿದ್ದಾಗ ನಾನು ಹಾಲು ಹಣ್ಣು ತೆಗೆದುಕೊಳ್ಳುತ್ತೇನೆ, ಆ ದಿನ ಅದೂ ಮರೆತಿತ್ತು; ಅವರದು ದಶಮಿಯ ಊಟದ ಮೇಲೆ ತೊಟ್ಟು ನೀರೂ ಇಲ್ಲದ ಉಪವಾಸ. ಮೈಯ ನೀರು ಕಡಿಮೆಯಾದರೆ ನಮ್ಮ ಯಂತ್ರ ಮಾಂಸಖಂಡವನ್ನೂ ಕಡಿಮೆ ತೋರಿಸುತ್ತದೆ. ಬಂದವರಿಗೆಲ್ಲ ನಿನ್ನೆ ಸಾಕಷ್ಟು ನೀರು ಕುಡಿದಿದ್ದೀರಾ ಎಂದು ವರ್ಷಗಟ್ಟಲೆ ಕೇಳುತ್ತ ಬಂದವಳು ನನ್ನ ಮನೆಯವರನ್ನೇ ಕೇಳಿರಲಿಲ್ಲ.

ನೀವಾದರೂ ಹೇಳಬಾರದಿತ್ತೇ ಅತ್ತೆ ಎಂದೆ. "ನೀ ಹೊಟ್ಟಿ ಖಾಲಿ ಇರಬೇಕು ಅಂದಿ. ನಾ ಪೂರಾ ಖಾಲಿ ಇಟ್ಟೆ. ಇನ್ನೇನ ಮಾಡಬೇಕಿತ್ತು?"

ಮೂರು ದಿನ ಉಣ್ಣಿಸಿ, ಕುಡಿಸಿ, ಮತ್ತೆ ನಿಲ್ಲಿಸಿದೆವು. ಈ ಸಲ ಕಾಗದ ಬಂದಾಗ ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. ತೋಳು ಕಡ್ಡಿಯೇ, ಆದರೆ ಅತ್ತೆಯ ತೊಡೆಯ ಮಾಂಸಖಂಡ ಅವರಿಗಿಂತ ಹತ್ತು ವರ್ಷ ಚಿಕ್ಕವರದರ ಹಾಗಿತ್ತು. ಕುರ್ಚಿಯಿಂದ ಐದು ಸಲ ಎದ್ದು, ಇಷ್ಟೇನಾ ಎಂದರು. ಹಿಡಿತಕ್ಕೆ ಸೌಟು ಹಿಡಿದ ಕೈ ಸಾಕಾಯಿತು. ಸರ್ಜನ್ ನಂಬಲಿಲ್ಲ. ಮೂರು ದಿನದಲ್ಲಿ ಇಷ್ಟು ಮಾಂಸ ಎಲ್ಲಿಂದ ಬಂತು ಎಂದರು. ಮಾಂಸ ಬಂದದ್ದಲ್ಲ ಸರ್, ಏಕಾದಶಿ ಹೋದದ್ದು ಎಂದೆ.

ಈ ವಯಸ್ಸಿನಲ್ಲಿ ಏನು ವ್ಯಾಯಾಮ ಮಾಡುತ್ತಾರೆ ಎಂದು ಕೇಳಿದರು. ವ್ಯಾಯಾಮ ಎಂದರೆ ಅತ್ತೆಗೆ ಏನೆಂದೇ ಗೊತ್ತಿಲ್ಲ. ತುಳಸಿಗೆ ದಿನಾ ನೂರೆಂಟು ಪ್ರದಕ್ಷಿಣೆ, ಹನ್ನೆರಡು ಸುತ್ತಿಗೊಂದು ನಮಸ್ಕಾರ, ಮದುವೆಯಾದಂದಿನಿಂದ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಸುತ್ತಲು ಜಾಗವಿಲ್ಲವೆಂದು ತುಳಸಿಯ ಕುಂಡವನ್ನು ಬೆಳಿಗ್ಗೆ ತಾವೇ ಹಾಲ್‌ನ ನಡುವೆ ತಂದು, ಮುಗಿದ ಮೇಲೆ ತಾವೇ ಬಿಸಿಲಿಗೆ ಇಡುತ್ತಾರೆ. ಸರ್ಜನ್ ಪೆನ್ನು ಕೆಳಗಿಟ್ಟು, ಡೈರಿ ತೆಗೆದು, ಆಪರೇಷನ್ನಿಗೆ ದಿನ ಬರೆದರು. ಈ ಸಲ ಪಂಚಾಂಗ ನೋಡಿಕೊಂಡು ನಾನೇ ಹೇಳಿದೆ.

೬. ಕಡಿಯಬಾರದ ಸಾಲು

ಕೃಷ್ಣನ ದಯೆಯಿಂದ ಆಪರೇಷನ್ ಹೂವೆತ್ತಿದ ಹಾಗೆ ಆಯಿತು. ಮಾರನೆಯ ಬೆಳಿಗ್ಗೆ ಸರ್ಜನ್ ಬಂದು, ಮೆಲ್ಲಗೆ ನಡೆಯಲಿ, ಬಗ್ಗುವುದು ಮಾತ್ರ ಬೇಡ ಎಂದು ಹೇಳಿ ಹೋದರು. ನಾನು ಕೆಳಗೆ ಹೋಗಿ ಗಂಜಿ ತರುವಷ್ಟರಲ್ಲಿ ಹಾಸಿಗೆ ಖಾಲಿ.

ನರ್ಸು ಬಾತ್‌ರೂಮಿನಲ್ಲಿ ನೋಡಿದಳು, ನಾನು ಮೆಟ್ಟಿಲು ನೋಡಿದೆ. ಇಬ್ಬರೂ ಓಡುತ್ತ ನಮ್ಮ ಮಹಡಿಯ ಪಡಸಾಲೆಗೆ ಬಂದೆವು. ಅಲ್ಲಿ ನಡುವೆ ಕಲ್ಲಿನ ಪೀಠದ ಮೇಲೆ ಒಂದು ಗಣಪತಿ ಇದೆ. ಅತ್ತೆ ಸಲೈನಿನ ಕಂಬವನ್ನು ಒಂದು ಕೈಯಲ್ಲಿ ತಳ್ಳಿಕೊಂಡು, ಇನ್ನೊಂದು ಕೈಯಲ್ಲಿ ಬೆರಳೆಣಿಸುತ್ತ ಗಣಪತಿಯನ್ನು ಸುತ್ತುತ್ತಿದ್ದರು. ಒಬ್ಬರೇ ಅಲ್ಲ. ಅವರ ಹಿಂದೆ ವಾಕರ್ ಹಿಡಿದ ಒಬ್ಬ ಬಾ, ಅವರ ಹಿಂದೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಒಬ್ಬ ಕಾಕಾ, ಅವರ ಹಿಂದೆ ಇನ್ನೂ ಮೂವರು, ಎಲ್ಲರೂ ಜೈ ಗಣೇಶ ಎನ್ನುತ್ತ. ಅವರನ್ನು ನಾಲ್ಕು ಹೆಜ್ಜೆ ನಡೆಸಲು ವಾರದಿಂದ ಕೈಮುಗಿದು ಬೇಡಿಕೊಳ್ಳುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಗೋಡೆಗೊರಗಿ, ಬಾಯಿ ತೆರೆದುಕೊಂಡು, ಸುತ್ತು ಎಣಿಸುತ್ತಿದ್ದಳು.

ಅಷ್ಟರಲ್ಲಿ ಸರ್ಜನ್ ಬಂದರು. ಬಾ, ಸಾಕು, ಹಾಸಿಗೆಗೆ ಹೋಗಿ ಎಂದು ಸಾಲಿನ ನಡುವೆ ಕೈಯಡ್ಡ ಹಾಕಲು ಹೊರಟರು. ಅತ್ತೆ ನಿಲ್ಲದೆ, ತಿರುಗಿಯೂ ನೋಡದೆ ನನಗೆ ಹೇಳಿದರು, "ಏ ಹುಡುಗಿ, ಡಾಕ್ಟರಿಗೆ ಹೇಳು. ಪ್ರದಕ್ಷಿಣಿ ನಡುವೆ ಅಡ್ಡ ಬರಬಾರದು. ಹಿಂದ ಬಂದು ಸೇರ್ಕೊಳ್ಳಿಕ್ಕೆ ಹೇಳು."

ನಾನು ಗುಜರಾತಿಯಲ್ಲಿ ಹೇಳಿದೆ. ಅವರು ಶೂ ಬಿಚ್ಚಿ, ಕೊನೆಯಲ್ಲಿ ಸೇರಿಕೊಂಡರು. ಎಂಟನೆಯ ಸುತ್ತಿಗೆ ಹಣೆಯೊರೆಸಿದರು. ಹದಿನಾಲ್ಕಕ್ಕೆ ಫೋನು ಬಂತೆಂದು ಪಕ್ಕಕ್ಕೆ ನಿಂತರು. ಫೋನು ಬಂದಿರಲಿಲ್ಲ. ಅತ್ತೆ ಆ ದಿನ ಇಪ್ಪತ್ತೊಂದಕ್ಕೆ ನಿಲ್ಲಿಸಿ, ಉಳಿದದ್ದು ಗಣಪತಿಗೆ ಬಾಕಿ ಎಂದರು.

ಮನೆಗೆ ಕಳಿಸುವ ದಿನ ಕೊನೆಯ ಬಾರಿ ಅಳೆಯಲು ಅತ್ತೆಯನ್ನು ನಮ್ಮ ಕೋಣೆಗೆ ಕರೆತಂದೆ. ಎಲ್ಲ ಸರಿಯಿತ್ತು. ಡಾಕ್ಟರಮ್ಮ ಕಾಗದವನ್ನು ಸರ್ಜನ್‌ಗೆ ತೋರಿಸಿ, ಈಗ ಹೇಳಿ, ಹುಟ್ಟಿದ ಇಸವಿಯೋ ತೊಡೆಯೋ ಎಂದರು. ಸರ್ಜನ್ ಕೈಮುಗಿದು ಒಪ್ಪಿಕೊಂಡರು. ಆಮೇಲೆ ಬಾಗಿಲು ಮುಂದೆ ಮಾಡಿ, ಮೆಲುದನಿಯಲ್ಲಿ, ಬೆನ್, ನನ್ನದೂ ಒಮ್ಮೆ ನೋಡಿಬಿಡಿ ಎಂದು ತಾವೇ ಸಾಕ್ಸ್ ತೆಗೆದು ತಟ್ಟೆಯ ಮೇಲೆ ನಿಂತರು.

ಕಾಗದ ಬಂತು. ನಾನು ನೋಡಿದೆ. ಡಾಕ್ಟರಮ್ಮ ನೋಡಿದರು. ಸರ್ಜನ್‌ಗೆ ವಯಸ್ಸು ನಲವತ್ತಾರು. ಅತ್ತೆ ಕುರ್ಚಿಯಿಂದ ಕೈಯೂರದೆ ಎದ್ದು ಬಂದು, ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. ಇಷ್ಟು ದಿನ ನನ್ನ ಬಾಯಲ್ಲಿ ಕೇಳಿ ಕೇಳಿ ಅವರಿಗೆ ಆ ಕಾಗದದ ಗೆರೆಗಳು ಓದಲು ಬರುತ್ತಿದ್ದವು. ಕೊಬ್ಬಿನ ಗೆರೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಎಳೆದರು. ತೊಡೆಯ ಗೆರೆ ಅರ್ಧ ದಾರಿಯಲ್ಲೇ ನಿಂತಿತ್ತು. ಸರ್ಜನ್‌ರ ಮುಖವನ್ನು ಕರುಣೆಯಿಂದ ನೋಡಿದರು.

ಬಾ ಏನು ಹೇಳುತ್ತಿದ್ದಾರೆ ಎಂದು ಸರ್ಜನ್ ಕೇಳಿದರು. ಅತ್ತೆ ಇನ್ನೂ ಏನೂ ಹೇಳಿರಲಿಲ್ಲ. ಈಗ ಹೇಳಿದರು.

"ಪಾಪ, ಭಾಳ ಛಲೋ ಮನಷ್ಯಾ. ಇವರಿಗೆ ಏನರ ಆಪರೇಷನ್ ಮಾಡಬೇಕಾದ್ರ ತಡಕೋತಾರೇನು, ಡಾಕ್ಟರಮ್ಮನ್ನ ಕೇಳು."

ನಾನು ಒಂದಕ್ಷರ ಬಿಡದೆ ಗುಜರಾತಿಯಲ್ಲಿ ಹೇಳಿದೆ. ಈಗ ದಿನಾ ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ನಮ್ಮ ಮಹಡಿಯ ಗಣಪತಿಗೆ ಇಪ್ಪತ್ತೊಂದು ಸುತ್ತು ಬರುವವರು ಅವರೇ.

ಇದನ್ನು ಇಲ್ಲಿಯವರೆಗೆ ಕೂತು ಓದಿದ, ಕೇಳಿದ ನಿಮ್ಮೆಲ್ಲರ ಕಾಲಲ್ಲಿ ಬಲವಿರಲಿ, ಕೈಯಲ್ಲಿ ಹಿಡಿತವಿರಲಿ, ನೆಲದಿಂದ ಏಳುವಾಗ ಬೇರೆಯವರ ಕೈ ಬೇಡದಿರಲಿ. ಎಷ್ಟೇ ವಯಸ್ಸಾದರೂ ಸುತ್ತಲು ನಿಮಗೊಬ್ಬ ದೇವರು ಸಿಗಲಿ, ಹಿಂದೆ ನಡೆಯಲು ನಾಲ್ಕು ಜನ ಇರಲಿ. ಆ ರಣಛೋಡ ನಿಮ್ಮೆಲ್ಲರನ್ನೂ ಕಾಯಲಿ.